ಕಲನಶಾಸ್ತ್ರದ ಉಗಮ

ಸತತವಾಗಿ ಬದಲಾಗುವ ಪರಿಮಾಣಗಳನ್ನು ಲೆಕ್ಕಕ್ಕೆ ಒಗ್ಗಿಸುವ ಗಣಿತಶಾಖೆ ಕಲನಶಾಸ್ತ್ರ. ವಕ್ರರೇಖೆ ಸುತ್ತುವರಿದ ಕ್ಷೇತ್ರಫಲವೆಷ್ಟು, ಅದರ ಮೇಲಿನ ಒಂದು ಬಿಂದುವಿನಲ್ಲಿ ಸ್ಪರ್ಶಕದ ಇಳಿಜಾರು ಎಷ್ಟು ಎಂಬ ಎರಡು ಪ್ರಶ್ನೆಗಳಿಂದ ಇದು ಬೆಳೆಯಿತು. ಇವೆರಡಕ್ಕೂ ನಂಟಿದೆಯೆಂದು ಬಹುಕಾಲ ಯಾರಿಗೂ ಹೊಳೆದಿರಲಿಲ್ಲ.

ಕ್ಷೇತ್ರಫಲದ ಪ್ರಶ್ನೆ ಹಳೆಯದು. ಕ್ರಿ.ಪೂ. 3ನೆಯ ಶತಮಾನದಲ್ಲಿ ಆರ್ಕಿಮಿಡೀಸ್ ಪರವಲಯದ ಖಂಡವೊಂದರೊಳಗೆ ತ್ರಿಕೋನ, ಉಳಿದ ಸಂದುಗಳಲ್ಲಿ ಮತ್ತೆ ತ್ರಿಕೋನ, ಹೀಗೆ ತುಂಬುತ್ತ ಹೋಗಿ ಖಂಡವು ಮೊದಲ ತ್ರಿಕೋನದ 4/3ರಷ್ಟಿದೆಯೆಂದು ಸಾಧಿಸಿದ. ಆದರೆ ಪ್ರತಿ ಆಕೃತಿಗೂ ಹೊಸ ಉಪಾಯ ಹೂಡಬೇಕಿತ್ತು.

ಭಾರತದಲ್ಲಿ ಇಂಥ ಚಿಂತನೆಗೆ ಇಂಬು ಕೊಟ್ಟದ್ದು ಗ್ರಹಗಣಿತ. ಭಾಸ್ಕರಾಚಾರ್ಯ 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹದ ತಾತ್ಕಾಲಿಕ ಗತಿಯನ್ನು, ಎಂದರೆ ಆ ಕ್ಷಣದ ವೇಗವನ್ನು, ಲೆಕ್ಕಹಾಕಿದ. ಕೇರಳದ ಸಂಗಮಗ್ರಾಮದ ಮಾಧವ (ಸು. 1340–1425) ಮತ್ತವನ ಶಿಷ್ಯಪರಂಪರೆ ಇನ್ನೂ ಮುಂದೆ ಸಾಗಿತು. 1 − 1/3 + 1/5 − 1/7… ಎಂದು ಕೊನೆಯಿಲ್ಲದೆ ಸಾಗುವ ಶ್ರೇಣಿಯ ಬೆಲೆ ಪೈಯ ಕಾಲುಭಾಗವೆಂದು ಅವರು ಕಂಡುಕೊಂಡರು. ಈ ಶ್ರೇಣಿ ತೀರ ನಿಧಾನಗತಿಯದು. ಅದನ್ನು ಅರಿತೇ ಕೊನೆಯಲ್ಲಿ ಸೇರಿಸಬೇಕಾದ ತಿದ್ದುಪಡಿಯನ್ನೂ ಕೊಟ್ಟರು. ಸು. 1530ರಲ್ಲಿ ಜ್ಯೇಷ್ಠದೇವ ಈ ಫಲಿತಾಂಶಗಳ ಉಪಪತ್ತಿಗಳನ್ನು ‘ಯುಕ್ತಿಭಾಷಾ’ದಲ್ಲಿ ಮಲಯಾಳಂ ಗದ್ಯದಲ್ಲಿ ವಿವರಿಸಿದ. ಈ ಜ್ಞಾನ ಯೂರೋಪಿಗೆ ತಲುಪಿತೆಂಬ ವಾದಕ್ಕೆ ನೇರ ದಾಖಲೆ ಸಿಕ್ಕಿಲ್ಲ. ಅದು ಸಿಗದಿದ್ದರೂ ಸಾಧನೆಯ ತೂಕ ಕಡಿಮೆಯಾಗದು. ಆದರೆ ಅವರ ಗಮನ ವೃತ್ತದ ಮೇಲಿತ್ತು. ಯಾವುದೇ ವಕ್ರರೇಖೆಗೂ ಸಲ್ಲುವ ಸಾಮಾನ್ಯ ವಿಧಾನ ಅಲ್ಲಿ ರೂಪುಗೊಳ್ಳಲಿಲ್ಲ.

ಆ ವಿಧಾನ ಮೂಡಿದ್ದು 17ನೆಯ ಶತಮಾನದ ಯೂರೋಪಿನಲ್ಲಿ. ಕವಲಿಯೇರಿ, ಫರ್ಮಾ, ವಾಲಿಸ್ ದಾರಿ ಹದಮಾಡಿದ್ದರು. ಸ್ಪರ್ಶಕ ಮತ್ತು ಕ್ಷೇತ್ರಫಲ ಒಂದಕ್ಕೊಂದು ವಿಲೋಮವೆಂಬುದು ಜ್ಯಾಮಿತಿಯ ರೂಪದಲ್ಲಿ ಐಸಾಕ್ ಬ್ಯಾರೋಗೂ ತಿಳಿದಿತ್ತು. ಆ ಸಂಬಂಧವನ್ನು ಲೆಕ್ಕದ ಯಂತ್ರವಾಗಿಸಿದವರು ನ್ಯೂಟನ್ ಮತ್ತು ಲೈಬ್ನಿಟ್ಸ್. ಪ್ಲೇಗಿನಿಂದ ಕೇಂಬ್ರಿಜ್ ಮುಚ್ಚಿದಾಗ ಊರಿಗೆ ಮರಳಿದ್ದ ನ್ಯೂಟನ್, ಪರಿಮಾಣಗಳು ಕಾಲದೊಡನೆ ಹರಿಯುತ್ತವೆಂದು ಭಾವಿಸಿ 1666ರ ಅಕ್ಟೋಬರಿನಲ್ಲಿ ತನ್ನ ವಿಧಾನವನ್ನು ಬರೆದಿಟ್ಟ, ಅಚ್ಚಿಗೆ ಕೊಡಲಿಲ್ಲ. ಪ್ಯಾರಿಸಿನಲ್ಲಿದ್ದ ಲೈಬ್ನಿಟ್ಸ್ 1675ರಲ್ಲಿ ಸ್ವತಂತ್ರವಾಗಿ ಅಲ್ಲಿಗೆ ತಲುಪಿ, 1684ರಲ್ಲಿ ಅವಕಲನದ, ಎಂದರೆ ಸ್ಪರ್ಶಕದ ಇಳಿಜಾರು ಕಂಡುಹಿಡಿಯುವ, ನಿಯಮಗಳನ್ನು ಪ್ರಕಟಿಸಿದ. ಕ್ಷೇತ್ರಫಲ ಕಂಡುಹಿಡಿಯುವ ಅನುಕಲನಕ್ಕೆ ಇಂದು ಕಾಲೇಜುಗಳಲ್ಲಿ ಬರೆಯುವ ಚಿಹ್ನೆಯೂ ಅವನದೇ. ಪಂಡಿತನಲ್ಲದವನೂ ನಿಯಮ ಹಿಡಿದು ಲೆಕ್ಕ ಮಾಡುವಷ್ಟು ಸಲೀಸು ಆ ಸಂಕೇತಗಳು.

1676ರ ಪತ್ರವೊಂದರಲ್ಲಿ ನ್ಯೂಟನ್ ತನ್ನ ಶೋಧವನ್ನು ಲೈಬ್ನಿಟ್ಸನಿಗೆ ಅಕ್ಷರಗಳ ಒಗಟಾಗಿ ಕಳುಹಿಸಿದ್ದ. ಮುಂದೆ, ಲೈಬ್ನಿಟ್ಸ್ ನ್ಯೂಟನ್ನನಿಂದ ಕದ್ದನೆಂಬ ಕೃತಿಚೌರ್ಯದ ಜಗಳ ಎದ್ದಾಗ ಅದೇ ಸಾಕ್ಷಿಯಾಯಿತು. 1712ರಲ್ಲಿ ರಾಯಲ್ ಸೊಸೈಟಿ ನೇಮಿಸಿದ ಸಮಿತಿ ಲೈಬ್ನಿಟ್ಸನ ವಾದ ಕೇಳದೆಯೇ ನ್ಯೂಟನ್ ಪರ ತೀರ್ಪಿತ್ತಿತು. ಸೊಸೈಟಿಯ ಅಧ್ಯಕ್ಷ ನ್ಯೂಟನ್. ವರದಿಯ ಕರಡೂ ಅವನದೇ! ಇದನ್ನು ವಿಚಾರಣೆಯೆನ್ನುವುದು ಕಷ್ಟ. ಈ ಹಟದ ದಂಡವನ್ನು ತೆತ್ತದ್ದು ಬ್ರಿಟನ್: ನ್ಯೂಟನ್ನನ ಚುಕ್ಕೆ ಸಂಕೇತಗಳಿಗೆ ಅಂಟಿಕೊಂಡು ಒಂದು ಶತಮಾನ ಹಿಂದುಳಿಯಿತು. 1812ರಲ್ಲಿ ಕೇಂಬ್ರಿಜ್‌ನಲ್ಲಿ ಬ್ಯಾಬೇಜ್, ಹರ್ಷಲ್, ಪೀಕಾಕ್ ಸಂಘ ಕಟ್ಟಿದ್ದು ಲೈಬ್ನಿಟ್ಸನ ಸಂಕೇತಗಳನ್ನು ಒಳಗೆ ತರಲು.

ತಳಪಾಯ ಮಾತ್ರ ಇನ್ನೂ ಸಡಿಲವಾಗಿತ್ತು. ಲೆಕ್ಕದ ಒಂದು ಹೆಜ್ಜೆಯಲ್ಲಿ ಸೊನ್ನೆಯಲ್ಲದ ಅತಿಸೂಕ್ಷ್ಮ ಪರಿಮಾಣ ಮುಂದಿನ ಹೆಜ್ಜೆಯಲ್ಲಿ ಸೊನ್ನೆಯಾಗುವುದು ಹೇಗೆಂದು 1734ರಲ್ಲಿ ಬಿಷಪ್ ಬರ್ಕ್ಲಿ ಕೆಣಕಿದ, ಪ್ರಶ್ನೆ ನ್ಯಾಯವಾದದ್ದೇ. ಫ್ರಾನ್ಸಿನ ಕೋಶಿ 1821ರಲ್ಲಿ ಪರಿಮಿತಿಯ ಕಲ್ಪನೆಯನ್ನು ಬುನಾದಿಯಾಗಿಟ್ಟ. ಅದನ್ನು ಅಸಮತೆಗಳ ಬಿಗಿಯಾದ ಭಾಷೆಗೆ ತಂದು ಬರ್ಕ್ಲಿಯ ಪ್ರಶ್ನೆಗೆ ಪೂರ್ಣ ಉತ್ತರ ಕೊಟ್ಟವನು ಬರ್ಲಿನ್ನಿನ ಪ್ರಾಧ್ಯಾಪಕ ವೈಯರ್ಸ್ಟ್ರಾಸ್.