ಬಂದು ಹೋಗುವವರೂ ಊರಿನ ವ್ಯಕ್ತಿತ್ವವೂ: ಹರಿಹರ–ದಾವಣಗೆರೆಗಳ ಒಂದು ಪರಿಶೀಲನೆ

ಒಂದು ಊರಿನ ಚರಿತ್ರೆಯನ್ನು ಬರೆಯುವವರು ಅದನ್ನು ಆಳಿದವರನ್ನೂ ಅಲ್ಲಿ ನೆಲಸಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಾಡಿಕೆ. ಬಂದು ಹೋದವರನ್ನು ಗಮನಿಸುವುದು ವಿರಳ. ಆದರೆ ಸುಮಾರು 14 ಕಿಲೋಮೀಟರ್ ಅಂತರದಲ್ಲಿರುವ ಹರಿಹರ, ದಾವಣಗೆರೆಗಳ ವಿಷಯದಲ್ಲಿ ಯಾತ್ರಿಕನನ್ನೂ ವರ್ತಕನನ್ನೂ ಬಿಟ್ಟರೆ ಚರಿತ್ರೆಯ ಬಹುಭಾಗ ಬಿಟ್ಟುಹೋಗುತ್ತದೆ. ಊರು ಪರಸ್ಥಳದವರಿಗೆ ತನ್ನನ್ನು ಏನೆಂದು ತೋರಿಸಿಕೊಂಡಿತು, ಅವರಲ್ಲಿ ಯಾರನ್ನು ಒಳಗೆ ಕರೆಯಿತು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬಹುದು.

ತುಂಗಭದ್ರೆಯ ಬಲದಂಡೆಯ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು 1224ರಲ್ಲಿ ಕಟ್ಟಿಸಿದನು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಶಿವನೇ ದೈವವೆನ್ನುವವರ ಮತ್ತು ವಿಷ್ಣುವೇ ದೈವವೆನ್ನುವವರ ಸಂಶಯವನ್ನು ಕಳೆಯಲು ಪರದೈವವು ಈ ರೂಪದಲ್ಲಿ ಪ್ರಕಟವಾಯಿತೆಂಬ ಭಾವವನ್ನು ಇಲ್ಲಿಯ ಶಾಸನ ಹೇಳುತ್ತದೆ. ಮತಗಳ ಕಲಹವಿದ್ದ ನಾಡಿನಲ್ಲಿ ಎರಡು ಪಂಥಗಳ ಯಾತ್ರಿಕರನ್ನೂ ಒಂದೇ ಗರ್ಭಗುಡಿಯ ಮುಂದೆ ನಿಲ್ಲಿಸಿದುದೇ ಈ ಕ್ಷೇತ್ರದ ವೈಶಿಷ್ಟ್ಯ. ಸಮನ್ವಯವೇ ಊರಿನ ಹೆಸರೂ ಆಯಿತು, ಹೆಗ್ಗಳಿಕೆಯೂ ಆಯಿತು.

ದಾವಣಗೆರೆಯನ್ನು ಬೆಳೆಸಿದುದು ದೇವರಲ್ಲ, ಸಂತೆ. ಹೈದರಾಲಿಯು ಈ ಊರನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದೂ, ಅವನ ತರುವಾಯವೂ ಆ ಪ್ರೋತ್ಸಾಹ ನಿಲ್ಲಲಿಲ್ಲವೆಂದೂ 1801ರಲ್ಲಿ ಈ ಮಾರ್ಗವಾಗಿ ಹೋದ ಫ್ರಾನ್ಸಿಸ್ ಬುಕಾನನ್ ಬರೆದಿದ್ದಾನೆ. ಆಗ ಇಲ್ಲಿ 500ಕ್ಕೆ ಮಿಕ್ಕಿ ಮನೆಗಳಿದ್ದುವು. ಕಂಬಳಿ ನೇಯ್ಗೆ ಮುಖ್ಯ ಕಸಬಾಗಿತ್ತು. ಪರಸ್ಥಳದವರನ್ನು ಬರಮಾಡಿಕೊಳ್ಳುವುದೇ ಈ ಊರಿನ ಮೊದಲ ಬಂಡವಾಳವೆಂದರೆ ತಪ್ಪಾಗಲಾರದು. 1868ರಲ್ಲಿ ಹರಿಹರದ ಬಳಿ ಹೊಳೆಗೆ ಸೇತುವೆಯಾಯಿತು. 1889ರಲ್ಲಿ ಬೆಂಗಳೂರಿನಿಂದ ರೈಲುಮಾರ್ಗ ಅಲ್ಲಿಗೆ ಬಂದಿತು. ಹೊಳೆಯ ಆಚೆ ಮುಂಬಯಿ ಪ್ರಾಂತ, ಈಚೆ ಮೈಸೂರು ಸಂಸ್ಥಾನ. ಎರಡೂ ಕಡೆಯ ಕನ್ನಡಿಗರು ಹಾದುಹೋಗುವ ಬಾಗಿಲು ಹರಿಹರವಾಯಿತು. ಆ ಗಡಿ ಅಳಿದುದು 1956ರಲ್ಲಿ.

ಹೀಗೆ ಬಂದವನು ರಾತ್ರಿ ತಂಗುವುದು ಎಲ್ಲಿ? ಊಟಕ್ಕೆ ಕೂರುವುದು ಯಾರ ಪಂಕ್ತಿಯಲ್ಲಿ? ಊರಿನ ಸಮನ್ವಯ ಪರೀಕ್ಷೆಗೆ ಒಳಗಾಗುವುದು ಇಲ್ಲಿಯೇ. ಗರ್ಭಗುಡಿಯಲ್ಲಿ ಎರಡು ದೈವಗಳು ಒಂದಾದುವು. ಛತ್ರದ ಅಡಿಗೆಮನೆಯಲ್ಲಿ ಜಾತಿಗಳು ಒಂದಾಗಲಿಲ್ಲ. ಕನ್ನಡ ನಾಡಿನ ಅನೇಕ ಛತ್ರಗಳು ಆಯಾ ಸಮಾಜದ ದಾನದಿಂದ ಹುಟ್ಟಿ ಆಯಾ ಸಮಾಜಕ್ಕೇ ಮೀಸಲಾಗಿದ್ದುವು. ಅಸ್ಪೃಶ್ಯರೆನಿಸಿಕೊಂಡ ಯಾತ್ರಿಕರಿಗೆ ಜಗಲಿಯೂ ದೊರೆಯುತ್ತಿರಲಿಲ್ಲ. ಹರಿಜನೋದ್ಧಾರದ ಪ್ರವಾಸದಲ್ಲಿ ಗಾಂಧೀಜಿ 1934ರಲ್ಲಿ ಹರಿಹರದ ಮೂಲಕ ದಾವಣಗೆರೆಗೆ ಬಂದುದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಸಂವಿಧಾನದ 15ನೆಯ ವಿಧಿಯು ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಭೇದವನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ಧರ್ಮಶಾಲೆಗಳನ್ನೂ ಮುಸಾಫಿರಖಾನೆಗಳನ್ನೂ ಹೆಸರಿಸಿಯೇ ಹೇಳಿತು. ಸಮಾನತೆಯ ಕಾನೂನು ಬರೆದವರು ಪ್ರಯಾಣಿಕನ ಸಂಕಟವನ್ನು ಮರೆತಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. 1972ರಲ್ಲಿ ಹಾವನೂರು ಆಯೋಗವನ್ನು ನೇಮಿಸಿದ ದೇವರಾಜ ಅರಸರ ಹೆಸರನ್ನು ದಾವಣಗೆರೆಯ ಒಂದು ಬಡಾವಣೆಯೇ ಹೊತ್ತಿರುವುದು ಈ ಸಂದರ್ಭದಲ್ಲಿ ಅರ್ಥವತ್ತಾಗಿದೆ.

ಇಂದು ಪ್ರವಾಸಿಯು ದಾವಣಗೆರೆಯಲ್ಲಿ ಮೊದಲು ಕೇಳುವುದು ಬೆಣ್ಣೆದೋಸೆಯನ್ನು. ಹಿಂದೆ ಊರು ಹತ್ತಿಯ ಗಿರಣಿಗಳಿಂದ ಹೆಸರಾಗಿತ್ತು. ಗಿರಣಿಗಳ ಸದ್ದಡಗಿದ ಮೇಲೆ ತಿನಿಸೇ ಗುರುತಾಗಿದೆ. ಈ ದೋಸೆಯ ಮೂಲವನ್ನು ಊರವರು 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮನೆಂಬ ಗೃಹಿಣಿಗೆ ಸಲ್ಲಿಸುತ್ತಾರೆ. ಊರಿನದೇ ಎನಿಸಿಕೊಂಡ ರುಚಿಯೂ ವಲಸೆ ಬಂದವರ ಕೈಯದು! ಮಿರ್ಚಿಯ ಜೊತೆಗೆ ಬರುವ ಮಂಡಕ್ಕಿಯನ್ನು ಹುರಿಯುವ ಭಟ್ಟಿಗಳ ಹೊಗೆಯಲ್ಲಿ ದುಡಿಯುವವರಲ್ಲಿ ಮುಸಲ್ಮಾನ ಕುಟುಂಬಗಳೇ ಬಹಳ. ತಟ್ಟೆಯಲ್ಲಿ ಇವರೆಲ್ಲರ ಶ್ರಮ ಕೂಡಿಕೊಂಡಿದೆ. ಪ್ರವಾಸಿಗೆ ಹೇಳುವ ಕಥೆಯಲ್ಲಿ ಭಟ್ಟಿಯವನ ಮಾತು ಬರುವುದು ಕಡಮೆ.

ಹರಿಹರದಲ್ಲಿ ಕಾಶಿಯ ಗಂಗಾರತಿಯ ಮಾದರಿಯಲ್ಲಿ ತುಂಗಾರತಿಗಾಗಿ 108 ಮಂಟಪಗಳ ಯೋಜನೆಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ದಕ್ಷಿಣಕಾಶಿಯೆಂಬ ಹೆಸರು ಈ ಊರಿಗೆ ಹಳೆಯದೇ. ಆದರೆ ಕಾಶಿಯ ಹೋಲಿಕೆಯೊಂದೇ ಊರಿನ ಗುರುತಾದರೆ, ಹರಿಹರಕ್ಕೆ ಮಾತ್ರ ಸೇರಿದ ಅರ್ಥ ಮಸುಕಾಗುವ ಸಂಭವವುಂಟು. ಅದೇ ಊರಿನ ಆರೋಗ್ಯಮಾತೆಯ ಇಗರ್ಜಿಗೆ ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುತ್ತಾರೆ. ಈ ಜನ ಯಾವ ಯೋಜನೆಯನ್ನೂ ಕಾಯದೆ ಪೊಲಾಳ್ವನ ಶಾಸನದ ಭಾವವನ್ನು ವಿಸ್ತರಿಸಿದ್ದಾರೆ.

ಮೇಲಿನ ಸಂಗತಿಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ಪ್ರವಾಸವು ಊರುಗಳಿಗೆ ಹಣವನ್ನು ತರುವುದರ ಜೊತೆಗೆ, ತಮ್ಮ ಬಗೆಗೆ ತಾವು ಹೇಳಿಕೊಳ್ಳುವ ಕಥೆಯನ್ನು ಆರಿಸುವ ಭಾರವನ್ನೂ ಹೊರಿಸುತ್ತದೆ. ಶಿಲ್ಪದಲ್ಲಿ ಸಾಧಿಸಿದ ಐಕ್ಯವನ್ನು ಪ್ರವಾಸಿಗೆ ತೋರಿಸುವುದು ಸುಲಭ. ವಸತಿಯಲ್ಲಿ, ಪಂಕ್ತಿಯಲ್ಲಿ, ದುಡಿಮೆಯ ಮನ್ನಣೆಯಲ್ಲಿ ಅದನ್ನು ಸಾಧಿಸುವುದು ಕಷ್ಟ. ಅಂಥ ಊರುಗಳ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಯು ದೇವಾಲಯದ ಶಾಸನಗಳ ಜೊತೆಗೆ ಛತ್ರಗಳ ದಾನಪತ್ರಗಳನ್ನೂ ಭಟ್ಟಿಗಳವರ ನೆನಪುಗಳನ್ನೂ ಸಂಗ್ರಹಿಸುವುದು ಅವಶ್ಯ.