ಓಡುತ್ತಲೇ ಬಂದ್ ಬೀಳುವ ಹಳೆ ಲಾರಿ: ಪಂಪ್ ಬಿಚ್ಚಿಸೋ ಮುಂಚೆ ವೈರಿಂಗ್ ನೋಡಿ

ಕಣಗಲಾ: ಕಬ್ಬಿನ ಹಂಗಾಮು ಶುರುವಾದರೆ ಸಂಕೇಶ್ವರ–ನಿಪ್ಪಾಣಿ ನಡುವಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಂತ ಹಳೆ ಲಾರಿಗಳು ಕಾಣ್ತವೆ. ಕೇಳಿದರೆ ಒಂದೇ ಉತ್ತರ, "ಓಡ್ತಾ ಓಡ್ತಾ ಬಂದ್ ಬಿತ್ತು." ಮೊದಲ ಅನುಮಾನ ಡೀಸೆಲ್ ಪಂಪ್ ಮೇಲೆ. ಪಂಪ್ ಬಿಚ್ಚಿಸಿ ಸಾವಿರಾರು ರೂಪಾಯಿ ಸುರಿದ ಮೇಲೂ ಗಾಡಿ ಮತ್ತೆ ಅಲ್ಲೇ ನಿಂತರೆ, ತೊಂದರೆ ಕರೆಂಟಿನದು ಅಂತ ಆಗ ಗೊತ್ತಾಗ್ತದೆ.

ಗಾಡಿ ಹೇಗೆ ನಿಂತಿತು ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಡೀಸೆಲ್ ಸಿಗದಿದ್ದರೆ, ಇಲ್ಲಾ ಲೈನಿನಲ್ಲಿ ಏರ್ ಹಿಡಿದಿದ್ದರೆ ಎಂಜಿನ್ ಜಗ್ಗುತ್ತದೆ, ಪಿಕಪ್ ಬಿಡುತ್ತದೆ, ಆಮೇಲೆ ನಿಲ್ಲುತ್ತದೆ. ಚಾವಿ ತಿರುಗಿಸಿ ಬಂದ್ ಮಾಡಿದಂಗೆ ಒಮ್ಮೆಲೇ ಸತ್ತರೆ ಕರೆಂಟಿನ ಕಡೆ ನೋಡಬೇಕು. ಆಗ ಡ್ಯಾಶ್‌ಬೋರ್ಡ್ ಲೈಟೂ ಹೋಯಿತಾ, ಇಲ್ಲಾ ಉರಿಯುತ್ತಿತ್ತಾ? ಇದನ್ನು ಡ್ರೈವರ್ ಒಬ್ಬನೇ ಹೇಳಬಲ್ಲ. ಲೈಟೂ ಹೋಗಿದ್ದರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಅರ್ಥಿಂಗ್ ಪಟ್ಟಿ, ಚಾವಿ ಸ್ವಿಚ್ ಇಷ್ಟರೊಳಗೇ ಹುಡುಕಿದರೆ ಸಾಕು.

ಗಾಡಿ ಯಾವ ಕಾಲದ್ದು ಅನ್ನೋದೂ ಮುಖ್ಯ. ಕೇಬಲ್ ಎಳೆದು ಬಂದ್ ಮಾಡುವ ಹಳೆ ಮೆಕ್ಯಾನಿಕಲ್ ಪಂಪಿನ ಲಾರಿಗೆ ಒಮ್ಮೆ ಸ್ಟಾರ್ಟ್ ಆದ ಮೇಲೆ ಎಂಜಿನ್ ಓಡಲು ಕರೆಂಟೇ ಬೇಡ. ಅದು ನಿಂತರೆ ಡೀಸೆಲ್ ಕಡೆಯೇ ನೋಡಿ. ಅದರ ಮುಂದಿನ ಪೀಳಿಗೆಯ ಕೆಲ ಪಂಪುಗಳಲ್ಲಿ ಚಾವಿಯಿಂದ ನಡೆಯುವ ಸೊಲೆನಾಯ್ಡ್ ಇದೆ. ಇದರಲ್ಲಿ ಕರೆಂಟ್ ಇರುವ ತನಕ ಮಾತ್ರ ಡೀಸೆಲ್ ಬಿಡುವ ನಮೂನೆ ಇದ್ದರೆ, ವೈರ್ ಒಂದು ಕ್ಷಣ ಸಡಿಲಾದರೂ ಎಂಜಿನ್ ಬಂದ್. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿಎಸ್-4 ಕಡ್ಡಾಯ ಆದ ಮೇಲೆ ಬಂದ ಹೆಚ್ಚಿನ ಲಾರಿಗಳಲ್ಲಿ ಡೀಸೆಲ್ ಬಿಡೋದನ್ನು ಇಸಿಎಂ ಡಬ್ಬಿಯೇ ನಿರ್ಧರಿಸ್ತದೆ. ಅವೂ ಈಗ ಹಳೆಯವಾಗುತ್ತಿವೆ.

ಸೊಲೆನಾಯ್ಡ್ ಗಾಡಿಗೆ ಒಂದು ಅಗ್ಗದ ಪರೀಕ್ಷೆ ಇದೆ. ಸೊಲೆನಾಯ್ಡಿಗೆ ಬರುವ ವೈರಿನಿಂದ ಉದ್ದನೆ ವೈರ್ ಎಳೆದು ಕ್ಯಾಬಿನ್ನಿನಲ್ಲಿ ಸಣ್ಣ ಬಲ್ಬ್ ಹಚ್ಚಬೇಕು. 24 ವೋಲ್ಟ್ ಗಾಡಿಗೆ 24ರದ್ದೇ ಬಲ್ಬ್. ಬಲ್ಬ್ ಮೇಲೆ ಕ್ಲೀನರ್ ಕಣ್ಣಿಟ್ಟಿರಲಿ, ಡ್ರೈವರ್ ರಸ್ತೆ ನೋಡಲಿ. ಗಾಡಿ ನಿಲ್ಲುವಾಗ ಬಲ್ಬೂ ಆರಿದರೆ ತೊಂದರೆ ಚಾವಿ ಸ್ವಿಚ್, ಫ್ಯೂಸ್ ಅಥವಾ ನಡುವಿನ ವೈರಿನಲ್ಲಿದೆ. ಬಲ್ಬ್ ಉರಿಯುತ್ತಲೇ ಇದ್ದರೆ ಸೊಲೆನಾಯ್ಡೇ ಕೆಟ್ಟಿದೆ, ಇಲ್ಲಾ ಡೀಸೆಲ್ ಬರ್ತಿಲ್ಲ. ಇಸಿಎಂ ಗಾಡಿಯ ವೈರಿಗೆ ಮಾತ್ರ ಹೀಗೆ ಬಲ್ಬ್ ಚುಚ್ಚಬಾರದು, ಡಬ್ಬಿ ಸುಡಬಹುದು. ಅಲ್ಲಿ ಡಿಜಿಟಲ್ ಮೀಟರೇ ಬೇಕು.

ಇಸಿಎಂ ಗಾಡಿ ಬಿಸಿಯಾದಾಗ ನಿಂತು, ಅರ್ಧ ತಾಸು ತಣ್ಣಗಾದ ಮೇಲೆ ಏನೂ ಆಗಿಲ್ಲದಂಗೆ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕು. ಗಾಡಿ ಗೇರಿನಲ್ಲಿ ಉರುಳುತ್ತಿದ್ದರೂ ಆರ್‌ಪಿಎಂ ಮುಳ್ಳು ದಪ್ಪನೆ ಸೊನ್ನೆಗೆ ಬಿದ್ದರೆ ಅನುಮಾನ ಇನ್ನೂ ಗಟ್ಟಿ. ಆದರೂ ಸೆನ್ಸರ್ ಕೊಳ್ಳುವ ಮುಂಚೆ ಅದರ ಕನೆಕ್ಟರ್ ಬಿಚ್ಚಿ ಎಣ್ಣೆ, ನೀರು, ಹಸಿರು ಕಿಲುಬು ಇದೆಯಾ ನೋಡಿ. ವೈರ್ ಎಂಜಿನ್ನಿಗೆ ತಿಕ್ಕಿ ಸವೆದಿರೋದೂ ಉಂಟು. ಹಂಗಾಮು ಮುಗಿದು ತಿಂಗಳುಗಟ್ಟಲೆ ನಿಂತ ಗಾಡಿಯ ವೈರಿಂಗ್ ಇಲಿಗೆ ಬಹಳ ಪ್ರೀತಿ!

ಅರ್ಥಿಂಗ್ ಎಲ್ಲರೂ ಮರೆಯುವ ಜಾಗ. ಎರಡು 12 ವೋಲ್ಟ್ ಬ್ಯಾಟರಿ ಜೋಡಿಸಿದ ಲಾರಿಯಲ್ಲಿ ಎಂಜಿನ್ ಬಂದ್ ಇದ್ದಾಗ ಮೀಟರ್ 25ರ ಆಸುಪಾಸು, ಓಡುವಾಗ 27.5ರಿಂದ 28.5 ತೋರಿಸಬೇಕು. ಸೆಲ್ಫ್ ಹೊಡೆಯುವಾಗ 19ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಈಗ ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಚ್ಚಿ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ ಅಂತ ಲೆಕ್ಕ. ಬಿಚ್ಚಿ, ಬಣ್ಣ-ತುಕ್ಕು ಕೆರೆದು, ಬಿಗಿ ಮಾಡಿದರೆ ಎಷ್ಟೋ ಗಾಡಿ ಅಲ್ಲಿಗೇ ಸರಿಯಾಗ್ತವೆ. ಖರ್ಚು ಒಂದು ಚಹಾದಷ್ಟು.

ಆಮೇಲೆ ಹಚ್ಚಿಸಿದ ಸಾಮಾನುಗಳನ್ನೂ ನೋಡಬೇಕು. ಜಿಪಿಎಸ್ ಡಬ್ಬಿ, ಸಂಗೀತದ ಹಾರ್ನ್, ಸಾಲು ಲೈಟು ಎಲ್ಲದಕ್ಕೂ ಚಾವಿ ವೈರನ್ನೇ ಸುಲಿದು, ಟೇಪ್ ಸುತ್ತಿ ಕರೆಂಟ್ ಕೊಟ್ಟಿರ್ತಾರೆ. ಫ್ಯೂಸ್ ಹೋದಾಗ ತಾಮ್ರದ ಎಳೆ ಹಾಕುವ ಚಾಳಿಯಂತೂ ಗಾಡಿಗೇ ಬೆಂಕಿ ಹಚ್ಚುವ ಕೆಲಸ.

ಲೋಡ್ ಗಾಡಿ ತವಂದಿ ಘಾಟಿನಲ್ಲಿ ಬಂದ್ ಬಿದ್ದರೆ ಅದು ಬರೇ ರಿಪೇರಿ ಮಾತಲ್ಲ. ಎಂಜಿನ್ ನಿಂತ ಕೂಡಲೇ ಪವರ್ ಸ್ಟೇರಿಂಗ್ ಬಿಗಿಯಾಗ್ತದೆ, ಏರ್ ಕಂಪ್ರೆಸರ್ ನಿಲ್ಲುತ್ತದೆ. ಬ್ರೇಕನ್ನು ಮತ್ತೆ ಮತ್ತೆ ಒತ್ತಿದರೆ ಟ್ಯಾಂಕಿನ ಗಾಳಿ ಖಾಲಿ. ಒಂದೇ ಹದದಲ್ಲಿ ಒತ್ತಿ ಎಡಕ್ಕೆ ತಂದು ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೆಂಪು ತ್ರಿಕೋನ ಹಿಂದೆ ದೂರಕ್ಕಿಡಬೇಕು. ಹೆದ್ದಾರಿ ಸಹಾಯವಾಣಿ 1033. ನಿಂತಲ್ಲೇ ರಿಪೇರಿಗೆ ಕೂತು ಹಿಂದಿನಿಂದ ಗುದ್ದಿಸಿಕೊಳ್ಳೋದಕ್ಕಿಂತ ಟೋಯಿಂಗ್ ಖರ್ಚು ಕಡಿಮೆ.

ಇನ್ನೆರಡು ಮಾತು ಗ್ಯಾರೇಜಿನವರಿಗೂ. ಡೈನಮೋ ಚಾರ್ಜ್ ಮಾಡ್ತದಾ ಅಂತ ನೋಡಲು ಎಂಜಿನ್ ಓಡುವಾಗಲೇ ಬ್ಯಾಟರಿ ವೈರ್ ಕಿತ್ತುವ ಹಳೆ ಪದ್ಧತಿ ಬಿಡಬೇಕು. ವೋಲ್ಟೇಜ್ ಒಮ್ಮೆಲೇ ಏರಿ ಆಲ್ಟರ್ನೇಟರ್ ಡಯೋಡ್, ಇಸಿಎಂ ಎರಡೂ ಹೋಗಬಹುದು. ಕಬ್ಬಿನ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ, ಇಸಿಎಂ ಗಾಡಿಯಾದರೆ ಅದರ ಕನೆಕ್ಟರನ್ನೂ ತೆಗೆದು, ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನು ಕೆಲಸದ ಹತ್ತಿರವೇ ಹಚ್ಚಬೇಕು.