ಗುಪ್ತಪದದಿಂದ ಹೆಬ್ಬೆಟ್ಟಿನವರೆಗೆ: ಗಣಕರಕ್ಷಣೆಯ ಆರು ದಶಕಗಳು

ಕೃಷ್ಣೆಯ ದಕ್ಷಿಣಕ್ಕಿರುವ ಗದ್ವಾಲ, ಉತ್ತರಕ್ಕಿರುವ ಮಕ್ತಲ, ಅದರಾಚೆಯ ನಾರಾಯಣಪೇಟೆ, ಈ ಮೂರೂ ಊರುಗಳು ಇಂದು ತೆಲಂಗಾಣಕ್ಕೆ ಸೇರಿದವಾದರೂ ಕನ್ನಡವನ್ನು ಮನೆಯ ಮಾತಾಗಿ ಉಳಿಸಿಕೊಂಡ ಕುಟುಂಬಗಳು ಆ ಸೀಮೆಯಲ್ಲಿ ಇನ್ನೂ ಅನೇಕವಾಗಿವೆ. ಗದ್ವಾಲ ತಾಲೂಕಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯ ಅಂಗವೇ ಆಗಿದ್ದಿತು. ಅಲ್ಲಿಯ ನೇಕಾರನ ಸೀರೆ ಈಗ ವಾಟ್ಸಾಪ್‌ನಲ್ಲಿ ಚಿತ್ರರೂಪವಾಗಿ ಗಿರಾಕಿಯನ್ನು ತಲುಪುತ್ತದೆ, ಅದರ ಬೆಲೆ ಯುಪಿಐ ಮೂಲಕ ಖಾತೆಗೆ ಬರುತ್ತದೆ, ರೈತನ ಪಟ್ಟಾ ಪಾಸ್‌ಬುಕ್ಕು ಸರಕಾರದ ಗಣಕದಲ್ಲಿ ದಾಖಲಾಗಿದೆ. ಮನುಷ್ಯನ ಸ್ವತ್ತೂ ಗುರುತೂ ಹೀಗೆ ಯಂತ್ರಾಧೀನವಾದ ಕಾಲದಲ್ಲಿ, ಅವುಗಳ ರಕ್ಷಣೆಯ ವಿದ್ಯೆ ಹೇಗೆ ಹುಟ್ಟಿ, ಯಾವ ಯಾವ ಸೋಲುಗಳಿಂದ ಪಾಠ ಕಲಿತು, ಇಂದು ಎಲ್ಲಿಗೆ ಬಂದು ನಿಂತಿದೆಯೆಂಬುದನ್ನು ವಿಚಾರಿಸುವುದು ದೊಡ್ಡ ನಗರದವರಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ.

ಈ ವಿದ್ಯೆಯ ಮೊದಲ ಉಪಕರಣ ಗುಪ್ತಪದ, ಅರ್ಥಾತ್ ನಾವೆಲ್ಲರೂ ಪಾಸ್‌ವರ್ಡ್ ಎಂದು ಕರೆಯುವ ವಸ್ತು. 1960ರ ದಶಕದ ಆದಿಯಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ರೂಪಿಸಿದಾಗ, ಒಬ್ಬನ ಕಡತವನ್ನು ಇನ್ನೊಬ್ಬನು ನೋಡದಿರಲೆಂದು ಅದನ್ನು ಕಲ್ಪಿಸಲಾಯಿತು. ಆದರೆ 1962ರಲ್ಲಿಯೇ ಅಲ್ಲಿನ ಸಂಶೋಧಕನೊಬ್ಬನು, ತನಗೆ ಗೊತ್ತುಮಾಡಿದ ಗಣಕಸಮಯ ಸಾಲದೆಂದು, ಗುಪ್ತಪದಗಳ ಇಡೀ ಪಟ್ಟಿಯನ್ನೇ ಯಂತ್ರದಿಂದ ಮುದ್ರಿಸಿ ತೆಗೆದುಕೊಂಡನು. ರಹಸ್ಯವನ್ನು ಇದ್ದುದು ಇದ್ದ ಹಾಗೆ ಬರೆದಿಟ್ಟರೆ ಅದು ರಹಸ್ಯವಾಗಿ ಉಳಿಯದೆಂಬ ಈ ಪಾಠಕ್ಕೆ ತಕ್ಕ ಉತ್ತರ ಸ್ಥಿರವಾದದ್ದು 1979ರಲ್ಲಿ. ಗುಪ್ತಪದವನ್ನು ಹಿಂದಿರುಗಿಸಲಾಗದ ರೀತಿಯಲ್ಲಿ ಗಣಿತಕ್ರಮದಿಂದ ಮಾರ್ಪಡಿಸಿ ಸಂಗ್ರಹಿಸುವ ಪದ್ಧತಿಯನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಆ ವರ್ಷ ಪ್ರಕಟಿಸಿದ ಲೇಖನದಲ್ಲಿ ಪ್ರತಿಪಾದಿಸಿದರು.

ಗಣಕವು ಮನೆಮನೆಯ ವಸ್ತುವಾದಂತೆ ಅಪಾಯವೂ ರೂಪಾಂತರ ಹೊಂದಿತು. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ರಚಿಸಿದ ‘ಬ್ರೇನ್’ ವೈರಸ್ಸು ಫ್ಲಾಪಿಯಿಂದ ಫ್ಲಾಪಿಗೆ ಹರಡಿತು. ಅದರೊಳಗೆ ಕರ್ತೃಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳೂ ಇದ್ದುವೆಂಬುದು ಆ ಕಾಲದ ಮುಗ್ಧತೆಗೆ ಸಾಕ್ಷಿ. 1988ರ ನವೆಂಬರಿನಲ್ಲಿ, ಮೇಲೆ ಹೇಳಿದ ಮಾರಿಸರ ಮಗನೇ ಬಿಡುಗಡೆ ಮಾಡಿದ, ತಾನಾಗಿಯೇ ಗಣಕದಿಂದ ಗಣಕಕ್ಕೆ ಹರಡುವ ಕ್ರಿಮಿಯೊಂದು (ವರ್ಮ್) ಅಂದಾಜು 6,000 ಗಣಕಗಳನ್ನು ಸ್ತಬ್ಧಗೊಳಿಸಿತು. ತಂದೆ ಭದ್ರಪಡಿಸಿದ ವಿದ್ಯೆಯನ್ನು ಮಗನು ಹೀಗೆ ಪರೀಕ್ಷೆಗೊಡ್ಡಿದ ಮೇಲೆ, ಇಂಥ ಆಪತ್ತುಗಳನ್ನು ಎದುರಿಸಲು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ‘ಸರ್ಟ್’ ಎಂಬ ತಂಡ ಸ್ಥಾಪಿತವಾಯಿತು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ ಅಕ್ಟೋಬರ್ 17ರಿಂದ ಜಾರಿಗೆ ಬಂದಿತು. ಮರುವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆಯಿತು. 2004ರಲ್ಲಿ ಅಮೆರಿಕದ ‘ಸರ್ಟ್’ನ ಮಾದರಿಯ ‘ಸರ್ಟ್-ಇನ್’ ಸಂಸ್ಥೆ ಕೆಲಸಕ್ಕೆ ತೊಡಗಿತು. ಮೊದಲ ಕಾಯಿದೆಯ ಮುಖ್ಯ ದೃಷ್ಟಿ ಯಂತ್ರದ ಮೇಲಿದ್ದಿತಾದರೆ, 2008ರ ತಿದ್ದುಪಡಿಯು ವ್ಯಕ್ತಿಯ ಕಡೆಗೆ ಕಣ್ಣು ತಿರುಗಿಸಿತು. ಅನ್ಯರ ಗುಪ್ತಪದ ಅಥವಾ ವಿಶಿಷ್ಟ ಗುರುತನ್ನು ಕದ್ದು ಬಳಸುವುದು 66ಸಿ ಕಲಮಿನಲ್ಲಿಯೂ, ಗಣಕದ ಮೂಲಕ ಇನ್ನೊಬ್ಬರ ವೇಷ ಧರಿಸಿ ವಂಚಿಸುವುದು 66ಡಿ ಕಲಮಿನಲ್ಲಿಯೂ ಮೂರು ವರ್ಷಗಳವರೆಗೆ ಸೆರೆಮನೆ ವಾಸಕ್ಕೆ ಅರ್ಹವಾದ ಅಪರಾಧಗಳೆನಿಸಿದುವು.

ಅಷ್ಟರಲ್ಲಿ ಕೌತುಕಕ್ಕಾಗಿ ನಡೆಯುತ್ತಿದ್ದ ಆಕ್ರಮಣ ವ್ಯಾಪಾರವಾಗಿ ಬೆಳೆದಿದ್ದಿತು. 2017ರ ಮೇ 12ರಂದು ತಲೆದೋರಿದ ‘ವಾನ್ನಾಕ್ರೈ’ ಎಂಬ ಕುತಂತ್ರಾಂಶ ಕಡತಗಳಿಗೆ ಬೀಗ ಜಡಿದು, ಬೀಗ ತೆಗೆಯಲು 300 ಡಾಲರುಗಳನ್ನು ಕೇಳಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಗಣಕಗಳು, ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳನ್ನೂ ಒಳಗೊಂಡು, ಅದರ ವಶವಾದುವು. ಅದು ಒಳನುಸುಳಲು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ಪರಿಹಾರವನ್ನು ಹೊರಡಿಸಿದ್ದಿತೆಂಬುದನ್ನು ನೆನೆದರೆ, ಅಪ್‌ಡೇಟ್ ಮಾಡಿಕೊಳ್ಳಿರೆಂಬ ಸೂಚನೆಯನ್ನು ನಾಳೆಗೆ ತಳ್ಳುವವರ ಔದಾಸೀನ್ಯದ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಅದನ್ನೇ ನೆಚ್ಚಿರುವ ಜೆರಾಕ್ಸ್ ಅಂಗಡಿಗಳೂ ಕಚೇರಿಗಳೂ ಈ ಮಾತನ್ನು ಲಕ್ಷಿಸಬೇಕು.

ಗುಪ್ತಪದವೊಂದೇ ಸಾಲದೆಂಬುದು ಮನವರಿಕೆಯಾದ ಮೇಲೆ ಎರಡನೆಯ ಕಾವಲು ಬಂದಿತು. ಅಂತರ್ಜಾಲದಲ್ಲಿ ಕಾರ್ಡು ಬಳಸುವಾಗ ಹೆಚ್ಚಿನ ದೃಢೀಕರಣವನ್ನು ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಕಡ್ಡಾಯಗೊಳಿಸಿತು. ಕಾಲಕ್ರಮದಲ್ಲಿ ಒಮ್ಮೆ ಮಾತ್ರ ಸಲ್ಲುವ ಗುಪ್ತಪದವಾದ ಓಟಿಪಿಯು ಮನೆಮಾತಾಯಿತು. ಆದರೆ ಕಾವಲು ಬಲವಾದಂತೆ ಕಳ್ಳನು ಯಂತ್ರವನ್ನು ಬಿಟ್ಟು ಮನುಷ್ಯನನ್ನು ಹಿಡಿದನು. ಸೀರೆಗೆ ಮುಂಗಡ ಕಳುಹಿಸುತ್ತೇನೆಂದು ಹೇಳಿ, ಕ್ಯೂಆರ್ ಚಿತ್ರವೊಂದನ್ನು ರವಾನಿಸಿ, ‘ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ಬರುತ್ತದೆ’ ಎನ್ನುವವನಿಗೆ ಯಾವ ಗಣಿತಜ್ಞಾನವೂ ಬೇಕಿಲ್ಲ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲವೆಂಬುದು ನೇಕಾರನಿಗೆ ತಿಳಿಯದಿದ್ದರೆ ಸಾಕು. ಸರಕಾರಿ ಯೋಜನೆಯ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಕಡತವೂ (ಫೋನಿನಲ್ಲಿ ಆ್ಯಪ್ ಸ್ಥಾಪಿಸುವ ಕಡತ) ಇದೇ ಜಾತಿಯದು: ಒಮ್ಮೆ ಅದನ್ನು ಇಳಿಸಿಕೊಂಡು ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ, ಫೋನಿಗೆ ಬರುವ ಓಟಿಪಿ ಒಡೆಯನಿಗಿಂತ ಮೊದಲೇ ವಂಚಕನಿಗೆ ಮುಟ್ಟುತ್ತದೆ.

ಆದರೆ ಈ ಚರಿತ್ರೆಯಲ್ಲಿ ನಮ್ಮ ನಾಡಿಗೆ ಅತ್ಯಂತ ಸಮೀಪವಾದ ಅಧ್ಯಾಯ ಬೆರಳಚ್ಚಿನದು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಅಧಿಕಾರಿ ಕರಾರುಪತ್ರದ ಮೇಲೆ ಗುತ್ತಿಗೆದಾರನ ಅಂಗೈ ಅಚ್ಚನ್ನು ಒತ್ತಿಸಿದನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಸ್ಥಾಪಿತವಾಯಿತು. ಅಂದಿನಿಂದ ಅನಕ್ಷರಸ್ಥನೂ ತನ್ನ ಭೂಮಿಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ನಿಶ್ಚಿಂತನಾಗಿದ್ದನು, ಏಕೆಂದರೆ ಆ ಗುರುತಿನ ಜೊತೆಗೆ ಸಾಕ್ಷಿಗಳೂ ನೋಂದಣಿ ಅಧಿಕಾರಿಯೂ ಎದುರಿಗಿದ್ದರು. 2010ರಲ್ಲಿ ಆಧಾರ್ ಸಂಖ್ಯೆಯ ವಿತರಣೆ ಆರಂಭವಾಗಿ, ಮುಂದೆ ಆಧಾರ್ ಸಂಖ್ಯೆ ಮತ್ತು ಬೆರಳಿನಿಂದಲೇ ಹಳ್ಳಿಯ ಬ್ಯಾಂಕ್ ಮಿತ್ರನ ಬಳಿ ಹಣ ತೆಗೆಯುವ ಅನುಕೂಲ ಒದಗಿದಾಗ, ಸಾಕ್ಷಿಗಳ ನಡುವಿನ ಗುರುತು ಏಕಾಂಗಿಯಾದ ಕೀಲಿಯಾಗಿ ಪರಿಣಮಿಸಿತು. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ, ನೋಂದಾಯಿತ ಭೂಪತ್ರಗಳಿಂದ ಬೆರಳಚ್ಚುಗಳನ್ನು ತೆಗೆದು, ರಬ್ಬರು ಮುದ್ರೆಗಳಾಗಿ ಎರಕಹೊಯ್ದು, ಅನ್ಯರ ಹೆಸರಿನಲ್ಲಿ ಸಿಮ್‌ಗಳನ್ನು ಚಾಲನೆಗೊಳಿಸಿದ ಪ್ರಕರಣ ಬಯಲಾಯಿತು. 2023ರಲ್ಲಿ ಕರ್ನಾಟಕದಲ್ಲಿಯೂ ನೋಂದಣಿ ಪತ್ರಗಳ ಬೆರಳಚ್ಚುಗಳ ಮೂಲಕ ಖಾತೆಗಳಿಂದ ಹಣ ಅಪಹೃತವಾಗಿ, ಪತ್ರಗಳ ಪ್ರತಿಗಳಲ್ಲಿ ಅಚ್ಚನ್ನು ಮರೆಮಾಡುವ ಕ್ರಮವನ್ನು ಸರಕಾರ ಕೈಗೊಳ್ಳಬೇಕಾಯಿತು. ಅದೇ ವರ್ಷ ಬೆರಳು ಸಜೀವವೋ ಅಲ್ಲವೋ ಎಂಬುದನ್ನು ಪರೀಕ್ಷಿಸುವ ವ್ಯವಸ್ಥೆಯನ್ನು ಆಧಾರ್ ಪ್ರಾಧಿಕಾರ ಅಳವಡಿಸಿತು. ಗುಪ್ತಪದ ಕಳುವಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು. ಬೆರಳು ಕಳುವಾದರೆ ಬೇರೆ ಬೆರಳಿಲ್ಲ. ಬದಲಿಸಲಾಗದುದನ್ನು ಏಕೈಕ ಕೀಲಿಯಾಗಿ ಬಳಸಬಾರದೆಂಬುದೇ ಈ ಆರು ದಶಕಗಳ ಇತಿಹಾಸ ಕೊಡುವ ನಿರ್ಣಯ.

ನ್ಯಾಯದ ಕ್ಷೇತ್ರವೂ ಸುಮ್ಮನಿರಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ಬಂದಿತು. ಆದರೂ ನಷ್ಟದ ಹೊರೆ ಇನ್ನೂ ಸಮನಾಗಿ ಹಂಚಿಕೆಯಾಗಿಲ್ಲ. ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ದೋಷದಿಂದ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳಲ್ಲಿ ವಿಧಿಸಿತಾದರೂ, ಗ್ರಾಹಕನೇ ಅಜಾಗರೂಕತೆಯಿಂದ ರಹಸ್ಯವನ್ನು ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟ ಅವನದೇ ಎಂದಿತು. ಸರಕಾರಿ ಸೇವೆಗಳನ್ನು ಒದಗಿಸುವ ಮೀ ಸೇವಾ ಕೇಂದ್ರದ ಕಿಟಕಿಯಲ್ಲಿ ಫೋನನ್ನೇ ಒಳಗೆ ಚಾಚಿ, ಓಟಿಪಿಯನ್ನು ನೀವೇ ನೋಡಿಕೊಳ್ಳಿರೆನ್ನುವ ವೃದ್ಧನಿಗೆ ಆಂಗ್ಲದಲ್ಲಿ ಬಂದ ಸಂದೇಶವನ್ನು ಓದಲು ಬಾರದೆಂಬುದನ್ನು ಬಲ್ಲವರು, ಅದನ್ನು ಬರಿಯ ಅಜಾಗರೂಕತೆಯೆಂದು ಕರೆಯಲಾರರು.

ಭಯವೇ ಈಗ ವಂಚಕರ ಹೊಸ ಆಯುಧ. ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸುವ ಕ್ರಮ ಎಷ್ಟು ಹಬ್ಬಿತೆಂದರೆ, 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳೇ ಅಂಥದೊಂದು ಕರೆಯ ಧ್ವನಿಯನ್ನು ಕೇಳಿಸಿ, ಅಂಥ ಬಂಧನವು ಕಾನೂನಿನಲ್ಲಿಯೇ ಇಲ್ಲವೆಂದು ಸ್ಪಷ್ಟಪಡಿಸಬೇಕಾಯಿತು.

ಆದುದರಿಂದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಕನ್ನಡ ಶಾಲೆಗಳ ಉಪಾಧ್ಯಾಯರಲ್ಲಿಯೂ, ಮನೆಗಳಲ್ಲಿ ಹಿರಿಯರ ಫೋನು ನೋಡಿಕೊಳ್ಳುವ ತರುಣರಲ್ಲಿಯೂ ಒಂದು ವಿನಂತಿ: ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಡಿರಿ, ಬೇಕಾದಾಗ ಮಾತ್ರ ತೆರೆಯಿರಿ, ಬ್ಯಾಂಕಿಗೆ ಬೇರೆ, ಇಮೇಲಿಗೆ ಬೇರೆ ದೀರ್ಘವಾದ ಪಾಸ್‌ವರ್ಡ್ ಇಡಿಸಿರಿ, ಫೋನನ್ನೂ ಗಣಕವನ್ನೂ ಅಪ್‌ಡೇಟ್ ಮಾಡಿರಿ, ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಿರಿ, ಅಪರಿಚಿತರು ಕಳುಹಿಸಿದ ಎಪಿಕೆಯನ್ನು ಮುಟ್ಟದಿರಲು ಕಲಿಸಿರಿ. ಇಷ್ಟಾದರೂ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ, ತತ್‌ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿರಿ. ಹಣ ಖಾತೆಯಿಂದ ಖಾತೆಗೆ ಸಾಗಿಹೋಗುವ ಮೊದಲು ಅದನ್ನು ತಡೆಯಲು ದೊರೆಯುವ ಅವಕಾಶ ಬಹಳ ಕಿರಿದು.